ಕಪ್ಪಗಿರುವುದೆಲ್ಲ ಕಟ್ಟಿದ ನಾಳವಲ್ಲ

ಓದುಗರ ಪ್ರಶ್ನೆ, ಕಣ್ಣಿನ ತಜ್ಞರ ಉತ್ತರ

ಯುವಿಯೈಟಿಸ್ (ಕಣ್ಣಿನ ನಡುಪದರದ ಉರಿಯೂತ) ಮತ್ತು ಅದರ ಬಳಗದ ಉರಿಯೂತದ ಕಾಯಿಲೆಗಳಲ್ಲಿ, ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದ ರಕ್ತನಾಳಗಳು ಕಟ್ಟಿಕೊಳ್ಳುವುದುಂಟು. ಅದನ್ನು ಪತ್ತೆ ಹಚ್ಚುವ ಆಂಜಿಯೋಗ್ರಾಂ (ರಕ್ತನಾಳಗಳ ಚಿತ್ರ), ಓಸಿಟಿ (ಬೆಳಕಿನ ಕಿರಣದಿಂದ ರೆಟಿನಾದ ಪದರಗಳನ್ನು ತೋರಿಸುವ ಸ್ಕ್ಯಾನ್) ಮುಂತಾದ ಚಿತ್ರಪರೀಕ್ಷೆಗಳ ಬಗ್ಗೆ ರೋಗಿಗಳು, ಮನೆಯವರು, ತಂತ್ರಜ್ಞರು, ಬೇರೆ ವಿಭಾಗದ ವೈದ್ಯರು ಕೇಳಿರುವ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಹೋದ ವರ್ಷದ ವರದಿಯಲ್ಲಿ ‘ರೆಟಿನಲ್ ವ್ಯಾಸ್ಕುಲೈಟಿಸ್’ ಎಂದಷ್ಟೇ ಇತ್ತು. ಈ ಸಲ ಅದರ ಮುಂದೆ ‘ಆಕ್ಲೂಸಿವ್’ ಎಂಬ ಪದ ಸೇರಿದೆ. ನನ್ನ ದೃಷ್ಟಿ ಆಗಲೂ 6/6, ಈಗಲೂ 6/6. ಆದರೂ ಡಾಕ್ಟರು ಔಷಧ ಏರಿಸಿದ್ದಾರೆ. ಒಂದು ಪದಕ್ಕೆ ಇಷ್ಟು ತೂಕವೇ?

ಉತ್ತರ: ಇಡೀ ವರದಿಯಲ್ಲಿ ಅತ್ಯಂತ ತೂಕದ ಪದ ಅದೇ.

ರಕ್ತನಾಳದ ಗೋಡೆಗೆ ಉರಿಯೂತ, ಅಂದರೆ ವ್ಯಾಸ್ಕುಲೈಟಿಸ್, ತಗುಲಿದಾಗ ಎರಡು ಬಗೆಯ ಕೆಡುಕು ಆಗಬಹುದು. ಕಾಲುವೆಯ ಏರಿ ಸಡಿಲಾಗಿ ನೀರು ಆಚೀಚೆ ಜಿನುಗುವುದು ಒಂದು. ಕಾಲುವೆಯಲ್ಲೇ ಹೂಳು ತುಂಬಿ ಕೊನೆಯ ಗದ್ದೆಗೆ ನೀರು ಮುಟ್ಟದೆ ಹೋಗುವುದು ಇನ್ನೊಂದು. ಮೊದಲನೆಯದು ಸೋರಿಕೆ. ನಾಳದ ಒಳಪದರದ ಜೀವಕೋಶಗಳ ನಡುವಿನ ಬಿಗಿ ಸಡಿಲವಾಗಿ ದ್ರವ ಹೊರಬರುತ್ತದೆ, ರೆಟಿನಾ ಊದಿಕೊಳ್ಳುತ್ತದೆ. ಉರಿಯೂತ ಇಳಿದರೆ ಇದು ಬಹುಮಟ್ಟಿಗೆ ಸರಿಹೋಗುತ್ತದೆ. ಎರಡನೆಯದು ಅಡಚಣೆ, ‘ಆಕ್ಲೂಸಿವ್’ ಎಂದರೆ ಇದೇ. ಗೋಡೆ ಊದಿ, ಒಳದಾರಿ ಕಿರಿದಾಗಿ, ಅಲ್ಲಿ ರಕ್ತ ಹೆಪ್ಪುಗಟ್ಟಿ ಲೋಮನಾಳಗಳ (ಕೂದಲೆಳೆಯಂಥ ಅತಿ ಸಣ್ಣ ನಾಳಗಳ) ಜಾಲವೇ ನಿಂತುಹೋಗುತ್ತದೆ. ಹೀಗೆ ಸತ್ತ ಲೋಮನಾಳ ಔಷಧದಿಂದ ಮರಳಿ ಬರುವುದು ಅಪರೂಪ. ನಿಮಗೆ ಔಷಧ ಏರಿಸಿರುವುದು ಹೋದದ್ದನ್ನು ತರುವುದಕ್ಕಲ್ಲ, ಮುಂದೆ ಹೋಗಬಹುದಾದದ್ದನ್ನು ತಡೆಯುವುದಕ್ಕೆ.

ಇನ್ನು ನಿಮ್ಮ 6/6. ಗೋಡೆಯ ಮೇಲಿನ ಅಕ್ಷರಪಟ ಪರೀಕ್ಷಿಸುವುದು ರೆಟಿನಾದ ನಡುಭಾಗವಾದ ಮ್ಯಾಕ್ಯುಲಾವನ್ನು ಮಾತ್ರ. ಅದರಲ್ಲೂ ಫೋವಿಯಾ ಎಂಬ ಪುಟ್ಟ ಗುಳಿಯನ್ನು. ಉರಿಯೂತದ ಅಡಚಣೆ ಅನೇಕ ಸಲ ಅಂಚಿನಿಂದ ಶುರುವಾಗುತ್ತದೆ. ಅಂಚಿನಲ್ಲಿ ದೊಡ್ಡ ಪ್ರದೇಶವೇ ಒಣಗಿದ್ದರೂ ಓದುವ ದೃಷ್ಟಿಗೆ ಏನೂ ತಿಳಿಯುವುದಿಲ್ಲ. ಆದರೆ ರಕ್ತ ಸಿಗದ ಆ ಭಾಗ ವಿ.ಇ.ಜಿ.ಎಫ್. ಎಂಬ ಬೆಳವಣಿಗೆಯ ಅಂಶವನ್ನು ಸುರಿಸುತ್ತದೆ. ಅದರಿಂದ ಹೊಸ, ಬಲವಿಲ್ಲದ ನಾಳಗಳು ಹುಟ್ಟಿ ಒಂದು ದಿನ ಒಡೆದು ಕಣ್ಣಿನೊಳಗೆ ರಕ್ತ ತುಂಬಬಹುದು. 6/6 ಇದ್ದವರು ಮರುದಿನ ಬೆಳಿಗ್ಗೆ ಕೈಬೆರಳನ್ನಷ್ಟೇ ಎಣಿಸುವ ಸ್ಥಿತಿಗೆ ಬರುವುದು ಹೀಗೆ. ವರದಿಯಲ್ಲಿ ಅಡಚಣೆ ಎಲ್ಲಿದೆ ಎಂದು ಬರೆದಿದೆಯೇ ನೋಡಿ. ‘ಅಂಚಿನ ಲೋಮನಾಳ ನಷ್ಟ’ ಎಂದಿದ್ದರೆ ಹೊಸ ನಾಳಗಳ ಭಯ. ‘ಮ್ಯಾಕ್ಯುಲಾದ ರಕ್ತಕೊರತೆ’ ಎಂದಿದ್ದರೆ ನೇರವಾಗಿ ಓದುವ ದೃಷ್ಟಿಗೇ ಪೆಟ್ಟು.

ಪ್ರಶ್ನೆ: ಸೂಜಿ, ಬಣ್ಣ ಏನೂ ಇಲ್ಲದೆ ಎರಡೇ ನಿಮಿಷದಲ್ಲಿ ರಕ್ತನಾಳ ತೋರಿಸುವ ಓಸಿಟಿ ಆಂಜಿಯೋಗ್ರಫಿ ಬಂದಿದೆಯಲ್ಲ? ಆದರೂ ಏಕೆ ಕೈಗೆ ಚುಚ್ಚಿ ಹಳದಿ ಬಣ್ಣ ಬಿಡುತ್ತಾರೆ?

ಉತ್ತರ: ಎರಡೂ ಯಂತ್ರಗಳು ತೋರಿಸುವುದು ಒಂದನ್ನೇ ಅಲ್ಲ, ಅದಕ್ಕೆ.

ಬಣ್ಣದ ಪರೀಕ್ಷೆಯಲ್ಲಿ, ಅಂದರೆ ಫ್ಲೋರೆಸಿನ್ ಆಂಜಿಯೋಗ್ರಫಿಯಲ್ಲಿ, ತೋಳಿನ ರಕ್ತನಾಳಕ್ಕೆ ಹಾಕಿದ ಬಣ್ಣ ಸುಮಾರು 10ರಿಂದ 15 ಸೆಕೆಂಡಿಗೆ ಕಣ್ಣಿಗೆ ತಲುಪುತ್ತದೆ. ನೀಲಿ ಬೆಳಕು ಬಿದ್ದಾಗ ಅದು ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯುತ್ತದೆ. 1961ರಲ್ಲಿ ನೊವೊಟ್ನಿ ಮತ್ತು ಆಲ್ವಿಸ್ ಎಂಬ ಇಬ್ಬರು ವೈದ್ಯ ವಿದ್ಯಾರ್ಥಿಗಳು ಮನುಷ್ಯರಲ್ಲಿ ಇದರ ವಿಧಾನವನ್ನು ಪ್ರಕಟಿಸಿದರು. ಮೂಲ ತತ್ವ ಇಂದಿಗೂ ಅದೇ. ಆರೋಗ್ಯವಂತ ರೆಟಿನಾ ನಾಳದಿಂದ ಈ ಬಣ್ಣ ಹೊರಬರುವುದಿಲ್ಲ. ಹೊರಬಂದರೆ ಗೋಡೆ ಕೆಟ್ಟಿದೆ ಎಂದರ್ಥ. ಬಣ್ಣ ಹೋಗದೆ ಕಪ್ಪಾಗಿ ಉಳಿದರೆ ಅಲ್ಲಿ ನಾಳ ಕಟ್ಟಿರಬಹುದು. ಹಾಗಾಗಿ ಸೋರಿಕೆ, ಅಡಚಣೆ ಎರಡನ್ನೂ ಒಂದೇ ಪರೀಕ್ಷೆಯಲ್ಲಿ ನೋಡಬಹುದು.

ಓಸಿಟಿ ಆಂಜಿಯೋಗ್ರಫಿ ನೋಡುವುದು ಚಲನೆಯನ್ನು. ಒಂದೇ ಜಾಗವನ್ನು ಕೆಲವು ಮಿಲಿಸೆಕೆಂಡುಗಳ ಅಂತರದಲ್ಲಿ ಮತ್ತೆ ಮತ್ತೆ ಸ್ಕ್ಯಾನ್ ಮಾಡಿ, ಎರಡರ ನಡುವೆ ಏನು ಬದಲಾಯಿತೋ ಅದನ್ನು ಹರಿಯುವ ರಕ್ತ ಎಂದು ಲೆಕ್ಕ ಹಾಕುತ್ತದೆ. ಅಲುಗಾಡದ್ದು ಕಪ್ಪು. ಇದರ ದೊಡ್ಡ ಗುಣವೆಂದರೆ ಮೇಲಿನ ಮತ್ತು ಆಳದ ಲೋಮನಾಳ ಜಾಲಗಳನ್ನು ಬೇರೆಬೇರೆಯಾಗಿ ಬಿಡಿಸಿ ತೋರಿಸುವುದು. ಬಣ್ಣದ ಪರೀಕ್ಷೆಗೆ ಆಳದ ಜಾಲ ಸರಿಯಾಗಿ ಸಿಗದು. ಉರಿಯೂತದಲ್ಲಿ ಅನೇಕ ಸಲ ಮೊದಲು ಸೊರಗುವುದು ಆ ಜಾಲವೇ. ಬಣ್ಣದ ಪರೀಕ್ಷೆಯ ಕೊನೆಯ ಚಿತ್ರಗಳಲ್ಲಿ ಸೋರಿದ ಬಣ್ಣ ಮಂಜಿನಂತೆ ಹರಡಿ ಕೆಳಗಿನ ಅಡಚಣೆಯನ್ನು ಮುಚ್ಚಿಬಿಡುತ್ತದೆ. ಓಸಿಟಿ ಆಂಜಿಯೋಗ್ರಫಿಗೆ ಆ ತೊಂದರೆ ಇಲ್ಲ.

ಕೊರತೆಗಳೂ ಹಾಗೆಯೇ ದೊಡ್ಡವು. ಸೋರಿಕೆ ಇದಕ್ಕೆ ಕಾಣಿಸುವುದೇ ಇಲ್ಲ. ರಕ್ತ ತೀರಾ ನಿಧಾನವಾಗಿ ಹರಿಯುತ್ತಿದ್ದರೂ ‘ಇಲ್ಲ’ ಎಂದೇ ತೋರಿಸುತ್ತದೆ. ಸಾಮಾನ್ಯವಾಗಿ ಸ್ಕ್ಯಾನ್ ಮಾಡುವ ಚೌಕ 3×3 ಅಥವಾ 6×6 ಮಿ.ಮೀ., ಕೆಲವು ಯಂತ್ರಗಳಲ್ಲಿ 12×12 ಮಿ.ಮೀ. ಅಡಚಣೆ ಶುರುವಾಗುವ ಅಂಚು ಇದರ ಆಚೆ ಇದೆ. ಅತಿ ವಿಸ್ತಾರದ ಕ್ಯಾಮೆರಾದಲ್ಲಿ ಮಾಡಿದ ಬಣ್ಣದ ಪರೀಕ್ಷೆ ಒಂದೇ ಚಿತ್ರದಲ್ಲಿ 200 ಡಿಗ್ರಿಯವರೆಗೆ, ಅಂದರೆ ರೆಟಿನಾದ ಸುಮಾರು ಶೇ. 80ರಷ್ಟನ್ನು ತೋರಿಸಬಲ್ಲದು. ಹಳೆಯ ಮಾದರಿಯ ಕ್ಯಾಮೆರಾದ ನೋಟ 30ರಿಂದ 50 ಡಿಗ್ರಿ.

ನಮ್ಮ ಅಭಿಪ್ರಾಯ ಇಷ್ಟು: ರೋಗ ಪತ್ತೆಯಾದಾಗ ಒಮ್ಮೆ, ಮತ್ತು ಔಷಧ ಬದಲಿಸುವ ದೊಡ್ಡ ತೀರ್ಮಾನದ ಮುಂಚೆ, ಬಣ್ಣದ ಪರೀಕ್ಷೆ ತಪ್ಪಿಸಬಾರದು. ನಡುವಿನ ಭೇಟಿಗಳಲ್ಲಿ ಮ್ಯಾಕ್ಯುಲಾದ ಮೇಲೆ ಕಣ್ಣಿಡಲು ಓಸಿಟಿ ಮತ್ತು ಓಸಿಟಿ ಆಂಜಿಯೋಗ್ರಫಿ ಸಾಕು.

ಪ್ರಶ್ನೆ: ನಮ್ಮ ತಾಯಿಯವರ ಓಸಿಟಿ ಆಂಜಿಯೋಗ್ರಫಿಯಲ್ಲಿ ಮ್ಯಾಕ್ಯುಲಾದ ಪಕ್ಕ ದೊಡ್ಡ ಕಪ್ಪು ಮಚ್ಚೆ ಇತ್ತು. ‘ರಕ್ತ ಹೋಗುತ್ತಿಲ್ಲ’ ಎಂದರು. ಆರು ವಾರ ಸ್ಟಿರಾಯ್ಡ್ ಆದ ಮೇಲೆ ತೆಗೆದ ಚಿತ್ರದಲ್ಲಿ ಮಚ್ಚೆಯೇ ಇಲ್ಲ. ನಾಳ ತೆರೆದುಕೊಂಡಿತೇ?

ಉತ್ತರ: ತೆರೆದುಕೊಂಡಿರಬಹುದು. ಆದರೆ ಮೊದಲ ಸಲ ನಾಳ ಕಟ್ಟಿಯೇ ಇರಲಿಲ್ಲ ಎನ್ನುವ ಸಾಧ್ಯತೆಯೇ ಹೆಚ್ಚು. ಯುವಿಯೈಟಿಸ್‌ನಲ್ಲಿ ಕಣ್ಣಿನೊಳಗಿನ ವಿಟ್ರಿಯಸ್ ಲೋಳೆ ಉರಿಯೂತದ ಕೋಶಗಳಿಂದ ಕದಡಿರುತ್ತದೆ. ಕದಡಿದ ಲೋಳೆಯ ಒಂದು ತುಣುಕು ಸ್ಕ್ಯಾನ್ ಕಿರಣಕ್ಕೆ ಅಡ್ಡ ನಿಂತರೆ ಅದರ ನೆರಳು ರೆಟಿನಾದ ಮೇಲೆ ಬೀಳುತ್ತದೆ. ಯಂತ್ರಕ್ಕೆ ನೆರಳು ಯಾವುದು, ನಿಂತ ರಕ್ತ ಯಾವುದು ಎಂಬ ವಿವೇಕ ಇಲ್ಲ. ಸ್ಟಿರಾಯ್ಡ್‌ನಿಂದ ಲೋಳೆ ತಿಳಿಯಾಯಿತು, ನೆರಳೂ ಹೋಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವ ಹಾಗೆ, ಈ ಚಿತ್ರಗಳಲ್ಲಿ ಕಪ್ಪಗಿರುವುದೆಲ್ಲ ಅಡಚಣೆಯಲ್ಲ.

ಹಳೆಯ ಚಿತ್ರದ ಫೈಲ್ ಯಂತ್ರದಲ್ಲಿ ಇರುತ್ತದೆ, ಈಗಲೂ ಪರಿಶೀಲಿಸಬಹುದು. ಮೊದಲು ಸಿಗ್ನಲ್ ಬಲದ ಅಂಕಿ ನೋಡಬೇಕು. ಹತ್ತರ ಅಳತೆಯ ಯಂತ್ರಗಳಲ್ಲಿ 6ಕ್ಕಿಂತ ಕಡಿಮೆ ಇದ್ದ ಚಿತ್ರದಿಂದ ಅಡಚಣೆಯ ತೀರ್ಮಾನ ಮಾಡುವುದು ಸರಿಯಲ್ಲ. 7 ಮೇಲಿದ್ದರೆ ಮನಸ್ಸಿಗೆ ಸಮಾಧಾನ. ಆಮೇಲೆ ಅದೇ ಜಾಗದ ಸಾಮಾನ್ಯ ಓಸಿಟಿ ಚಿತ್ರವನ್ನು, ಹರಿವಿನ ಲೆಕ್ಕ ಹಾಕುವ ಮುಂಚಿನ ರಚನೆಯ ಚಿತ್ರವನ್ನು, ಪಕ್ಕದಲ್ಲಿ ತೆರೆಯಬೇಕು. ಮಚ್ಚೆ ಅಲ್ಲೂ ಕಪ್ಪಾಗಿದ್ದರೆ ಅದು ನೆರಳು. ರಚನೆ ಸ್ವಚ್ಛವಾಗಿ ಕಂಡು ಹರಿವು ಮಾತ್ರ ಕಪ್ಪಾಗಿದ್ದರೆ ಆಗ ಅಡಚಣೆಯ ಮಾತು. ನಾವು ಒಂದೇ ಒಂದು ಅಭ್ಯಾಸ ಬೆಳೆಸಿಕೊಳ್ಳಿ ಎಂದು ಹೇಳಬೇಕಾದರೆ ಇದನ್ನೇ ಹೇಳುತ್ತೇವೆ.

ಇನ್ನೆರಡು ಮೋಸಗಳಿವೆ. ಮ್ಯಾಕ್ಯುಲಾ ಊದಿಕೊಂಡು ನೀರಿನ ಗುಳ್ಳೆಗಳಾಗಿದ್ದರೆ ಆ ಗುಳ್ಳೆಯೊಳಗೆ ರಕ್ತ ಹರಿಯುವುದಿಲ್ಲ. ಆಳದ ಜಾಲದ ಚಿತ್ರದಲ್ಲಿ ಅದು ದುಂಡಗಿನ ಕಪ್ಪು ರಂಧ್ರವಾಗಿ ಕಾಣುತ್ತದೆ. ಅಲ್ಲಿ ನಾಳ ಸತ್ತಿದೆ ಎಂದಲ್ಲ, ಪಕ್ಕಕ್ಕೆ ತಳ್ಳಲ್ಪಟ್ಟಿರಬಹುದು. ಜೊತೆಗೆ ಊತದಿಂದ ಪದರಗಳು ಸ್ಥಾನ ಬಿಟ್ಟಾಗ ಯಂತ್ರ ಎಳೆಯುವ ಪದರದ ಗೆರೆಗಳು ತಪ್ಪುತ್ತವೆ. ಮೇಲಿನ ಜಾಲ ಎಂದುಕೊಂಡು ಅದು ಬೇರೆ ಪದರವನ್ನು ತೋರಿಸುತ್ತಿರುತ್ತದೆ. ಅಡ್ಡಸೀಳಿನ ಚಿತ್ರದಲ್ಲಿ ಗೆರೆ ಎಲ್ಲಿ ಹೋಗಿದೆ ಎಂದು ಕಣ್ಣಾರೆ ನೋಡಿ, ತಪ್ಪಿದ್ದರೆ ಕೈಯಿಂದ ಸರಿಪಡಿಸಬೇಕು.

ನಿಜವಾದ ಅಡಚಣೆ ಆಗಿದ್ದರೆ ಸಾಮಾನ್ಯ ಓಸಿಟಿಯೂ ಕೆಲವು ವಾರಗಳಲ್ಲಿ ಸಾಕ್ಷಿ ಹೇಳುತ್ತದೆ. ರಕ್ತ ನಿಂತ ಹೊಸತರಲ್ಲಿ ರೆಟಿನಾದ ಒಳಪದರಗಳು ಬಿಳಿಚಿ ದಪ್ಪಗಾಗುತ್ತವೆ. ಆಳದ ಜಾಲ ಮಾತ್ರ ನಿಂತಿದ್ದರೆ ಒಳಗಿನ ನ್ಯೂಕ್ಲಿಯರ್ ಪದರದಲ್ಲಿ ಒಂದು ಬಿಳಿ ಪಟ್ಟಿ ಕಾಣುತ್ತದೆ; ಇದಕ್ಕೆ ಪ್ಯಾಮ್ (ಪ್ಯಾರಾಸೆಂಟ್ರಲ್ ಅಕ್ಯೂಟ್ ಮಿಡ್ಲ್ ಮ್ಯಾಕ್ಯುಲೋಪತಿ) ಎನ್ನುತ್ತಾರೆ. ಮುಂದೆ ಅದೇ ಜಾಗ ತೆಳ್ಳಗಾಗುತ್ತದೆ. ನಿಮ್ಮ ತಾಯಿಯವರ ಈಗಿನ ಓಸಿಟಿಯಲ್ಲಿ ಆ ಜಾಗದ ದಪ್ಪ ಸುತ್ತಲಿನಷ್ಟೇ ಇದ್ದರೆ ಅಲ್ಲಿ ದೊಡ್ಡ ನಷ್ಟವೇನೂ ಆಗಿರಲಿಲ್ಲ ಎನ್ನಬಹುದು.

ಪ್ರಶ್ನೆ: ನಾನು ಕಣ್ಣಿನ ಫೋಟೋಗ್ರಫಿ ಕಲಿಯುತ್ತಿದ್ದೇನೆ. ಸಕ್ಕರೆ ಕಾಯಿಲೆಯವರ ಆಂಜಿಯೋ ಚೆನ್ನಾಗಿ ಬರುತ್ತದೆ. ಯುವಿಯೈಟಿಸ್ ರೋಗಿಗಳಲ್ಲಿ ಚಿತ್ರ ಮಬ್ಬು, ಇಲ್ಲವೇ ಮುಖ್ಯವಾದ ಗಳಿಗೆಯೇ ತಪ್ಪಿಹೋಗಿರುತ್ತದೆ. ‘ಅಡಚಣೆ ಇದೆಯೋ ಇಲ್ಲವೋ ಹೇಳಲಾಗದು’ ಎಂದು ವರದಿ ಬರುತ್ತದೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ಮಬ್ಬಿಗೆ ಅರ್ಧ ಕಾರಣ ರೋಗವೇ. ಉಳಿದರ್ಧ ತಯಾರಿ.

ಯುವಿಯೈಟಿಸ್‌ನಲ್ಲಿ ಪಾಪೆ ಹಿಂದಿನ ಮಸೂರಕ್ಕೆ ಅಂಟಿಕೊಂಡಿರುವುದು ಸಾಮಾನ್ಯ. ಟ್ರೋಪಿಕಮೈಡ್ ಶೇ. 1 ಮತ್ತು ಫಿನೈಲ್‌ಎಫ್ರಿನ್ ಶೇ. 2.5 ಹನಿಗಳನ್ನು ಹಾಕಿ 20ರಿಂದ 30 ನಿಮಿಷ ಕಾಯಿರಿ, ಬೇಕಾದರೆ ವೈದ್ಯರನ್ನು ಕೇಳಿ ಇನ್ನೊಮ್ಮೆ ಹಾಕಿ. ಅರ್ಧ ಹಿಗ್ಗಿದ ಪಾಪೆಯಲ್ಲಿ ಅವಸರದಿಂದ ಶುರು ಮಾಡಬೇಡಿ. ಕಣ್ಣಿನ ಒತ್ತಡ ಅಳೆಯುವುದು, ಕಾರ್ನಿಯಾಗೆ ಏನನ್ನಾದರೂ ತಾಗಿಸುವುದು ಇವೆಲ್ಲ ಚಿತ್ರ ತೆಗೆದ ಮೇಲೆ. ಕಾರ್ನಿಯಾ ಒಣಗಿದ್ದರೆ ಒಂದು ಹನಿ ಕೃತಕ ಕಣ್ಣೀರು, ಎರಡು ಸಲ ರೆಪ್ಪೆ ಬಡಿಸುವುದು. ಅರ್ಧ ಮಬ್ಬು ಅಷ್ಟಕ್ಕೇ ಹೋಗುತ್ತದೆ.

ಬಣ್ಣ ಹಾಕುವ ಮುಂಚೆ ಕಡ್ಡಾಯವಾಗಿ ಎರಡು ಬಗೆಯ ಚಿತ್ರ ಇಟ್ಟುಕೊಳ್ಳಿ. ಒಂದು, ಸಾಮಾನ್ಯ ಕಲರ್ ಫೋಟೋ. ರೆಟಿನಾದ ಮೇಲೆ ಚೆಲ್ಲಿದ ರಕ್ತವೂ ಕೆಳಗಿನ ಹೊಳಪನ್ನು ಮುಚ್ಚಿ ಕಪ್ಪಾಗಿಯೇ ಕಾಣುತ್ತದೆ, ಅಡಚಣೆಯೂ ಕಪ್ಪು. ಕಲರ್ ಫೋಟೋ ಪಕ್ಕದಲ್ಲಿಲ್ಲದೆ ಇವೆರಡನ್ನು ಬೇರ್ಪಡಿಸಲು ಆಗದು. ಎರಡು, ಆಂಜಿಯೋದ ಫಿಲ್ಟರ್ ಹಾಕಿ, ಫ್ಲೋರೆಸಿನ್ ಚುಚ್ಚುವ ಮುಂಚೆ ತೆಗೆದ ಚಿತ್ರ. ಇದರಲ್ಲೇ ಏನಾದರೂ ಹೊಳೆದರೆ ಅದು ಫ್ಲೋರೆಸಿನ್ ಅಲ್ಲ ಎಂದು ಗೊತ್ತಾಗುತ್ತದೆ.

ಮುಂದಿನ ಪ್ರಶ್ನೆ: ಯಾವ ಕಣ್ಣು? ಬಣ್ಣ ತುಂಬುವ ಮೊದಲ ಅರ್ಧ ನಿಮಿಷ ಒಂದೇ ಕಣ್ಣಿಗೆ ಸಿಗುತ್ತದೆ. ಅಡಚಣೆಯ ಅನುಮಾನ ಯಾವ ಕಣ್ಣಿನಲ್ಲಿದೆ ಎಂದು ವೈದ್ಯರಿಂದ ಚೀಟಿಯಲ್ಲಿ ಬರೆಸಿಕೊಳ್ಳಿ. ಕೇಳದೆ ಬಲಗಣ್ಣಿನಿಂದ ಶುರು ಮಾಡುವ ರೂಢಿಯಿಂದ ಹಾಳಾದ ಪರೀಕ್ಷೆಗಳು ಕಡಿಮೆಯಲ್ಲ.

ದೊಡ್ಡವರಿಗೆ ರೂಢಿಯ ಪ್ರಮಾಣ 500 ಮಿ.ಗ್ರಾಂ., ಅಂದರೆ ಶೇ. 10ರ ದ್ರಾವಣವಾದರೆ 5 ಮಿ.ಲೀ. ಮೊಣಕೈ ಮಡಿಕೆಯ ದೊಡ್ಡ ಅಭಿಧಮನಿಗೆ ಕ್ಯಾನುಲಾ ಹಾಕಿ, ಮೊದಲು ಸಲೈನ್ ಬಿಟ್ಟು ಸರಾಗವಾಗಿ ಹೋಗುತ್ತಿದೆಯೇ ನೋಡಬೇಕು. ಬಣ್ಣ ನಾಳದ ಹೊರಗೆ ಸೋರಿದರೆ ವಿಪರೀತ ಉರಿ, ಚರ್ಮಕ್ಕೂ ಹಾನಿಯಾಗಬಹುದು. ದಾದಿಯರು 5ರಿಂದ 10 ಸೆಕೆಂಡಿನೊಳಗೆ ಒಂದೇ ಸಮನೆ ಒತ್ತಬೇಕು. ನಿಧಾನವಾಗಿ ಹಾಕಿದರೆ ಬಣ್ಣದ ಮುಂಚೂಣಿ ತೆಳುವಾಗಿ, ಲೋಮನಾಳದ ಚಿತ್ರ ಸಪ್ಪೆಯಾಗುತ್ತದೆ. ಒತ್ತಲು ಶುರು ಮಾಡಿದ ಗಳಿಗೆಗೇ ಟೈಮರ್ ಒತ್ತಿ.

8ನೇ ಸೆಕೆಂಡಿನಿಂದ ಸೆಕೆಂಡಿಗೊಂದು ಚಿತ್ರ, ಸುಮಾರು 30–35ನೇ ಸೆಕೆಂಡಿನವರೆಗೆ. ಲೋಮನಾಳದ ಜಾಲ ಅತ್ಯಂತ ಚೂಪಾಗಿ ಕಾಣುವುದು 20ರಿಂದ 30 ಸೆಕೆಂಡಿನ ನಡುವೆ. ಅಡಚಣೆಯ ಅಳತೆ ಮಾಡಬೇಕಾದ ಚಿತ್ರ ಇಲ್ಲೇ ಸಿಗಬೇಕು. ಉರಿಯೂತದ ಕಣ್ಣಿನಲ್ಲಿ ಈ ಕಿಟಕಿ ಬೇಗ ಮುಚ್ಚುತ್ತದೆ, ಏಕೆಂದರೆ ಸಕ್ಕರೆ ಕಾಯಿಲೆಯ ಕಣ್ಣಿಗಿಂತ ಸೋರಿಕೆ ಹರಡಿಕೊಂಡಿರುತ್ತದೆ. ಬಣ್ಣ ಹಾಕಿದ ಒಂದು ನಿಮಿಷದೊಳಗೆ ವಾಕರಿಕೆ ಬರುವುದೂ ಇದೇ ಹೊತ್ತಿಗೆ, ರೋಗಿ ತಲೆ ಹಿಂದಕ್ಕೆಳೆಯುತ್ತಾರೆ. ‘ಹೊಟ್ಟೆ ತೊಳಸಿದಂತಾಗಬಹುದು, ಅರ್ಧ ನಿಮಿಷದಲ್ಲಿ ಹೋಗುತ್ತದೆ, ಉಸಿರು ಎಳೆದು ಬಿಡಿ’ ಎಂದು ಮುಂಚೆಯೇ ಹೇಳಿಟ್ಟರೆ ಅನೇಕರು ತಲೆ ತೆಗೆಯುವುದಿಲ್ಲ.

ಆಮೇಲೆ ಎರಡನೆಯ ಕಣ್ಣು. ಮುಂದೆ ಒಂದರಿಂದ ಎರಡು ನಿಮಿಷದೊಳಗೆ ಎರಡೂ ಕಣ್ಣಿನ ಅಂಚುಗಳನ್ನು ಸುತ್ತಿ ಬನ್ನಿ: ಮೇಲೆ, ಕೆಳಗೆ, ಮೂಗಿನ ಕಡೆ, ಕಿವಿಯ ಕಡೆ. ಅತಿ ವಿಸ್ತಾರದ ಕ್ಯಾಮೆರಾ ಇದ್ದರೂ ಮೇಲೆ ಕೆಳಗೆ ನೋಡಿಸಿ ತೆಗೆಯಿರಿ. ನೇರ ನೋಟದ ಚಿತ್ರದಲ್ಲಿ ರೆಪ್ಪೆಗೂದಲು ಕೆಳ ಅಂಚನ್ನು ಮುಚ್ಚಿ ಅದೂ ಕಪ್ಪಾಗಿ ಕಾಣುತ್ತದೆ. ಕೊನೆಗೆ 5 ಮತ್ತು 10 ನಿಮಿಷದ ಚಿತ್ರಗಳು, ಸೋರಿಕೆಗೆ. ಈ ಕೊನೆಯ ಚಿತ್ರದಲ್ಲಿ ಅಡಚಣೆಯನ್ನು ಅಳೆಯಬೇಡಿ.

ಓದುವಾಗ ಕಪ್ಪು ಪ್ರದೇಶದ ಅಂಚನ್ನು ನೋಡಿ. ನಿಜವಾದ ಅಡಚಣೆಯಲ್ಲಿ ಸಣ್ಣ ನಾಳಗಳು ಕೊಂಬೆ ಕತ್ತರಿಸಿದ ಮರದಂತೆ ಅಲ್ಲಿಗೇ ನಿಂತಿರುತ್ತವೆ, ಅಂಚಿನ ನಾಳದ ಗೋಡೆ ಹೊಳೆಯುತ್ತಿರುತ್ತದೆ. ರಕ್ತ ಚೆಲ್ಲಿ ಮುಚ್ಚಿದ್ದರೆ ದೊಡ್ಡ ನಾಳ ಅದರಡಿ ನುಸುಳಿ ಆಚೆ ಬದಿಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಹೊಸದಾಗಿ ಹುಟ್ಟಿದ ನಾಳಗಳನ್ನು ಗುರುತಿಸುವುದು ಸುಲಭ: ಬೇಗ ಹೊಳೆದು, ಬೇಗ ಹರಡಿ, ಹತ್ತಿಯುಂಡೆಯಂತೆ ಮಸುಕಾಗುತ್ತವೆ.

ಪ್ರಶ್ನೆ: ನನಗೆ ಸಿಗಡಿ ತಿಂದರೆ ಅಲರ್ಜಿ, ಕಿಡ್ನಿಯೂ ಸ್ವಲ್ಪ ದುರ್ಬಲ. ಬಣ್ಣದ ಪರೀಕ್ಷೆ ಮಾಡಿಸಬಹುದೇ?

ಉತ್ತರ: ಫ್ಲೋರೆಸಿನ್‌ನಲ್ಲಿ ಅಯೋಡಿನ್ ಇಲ್ಲ. ಇಂಡೋಸಯನಿನ್ ಗ್ರೀನ್ ಎಂಬ ಇನ್ನೊಂದು ಬಣ್ಣದಲ್ಲಿದೆ. ರೆಟಿನಾದ ಹಿಂದಿನ ಕೊರಾಯ್ಡ್ ಪದರ ನೋಡಲು ಅದನ್ನು ಬಳಸುತ್ತಾರೆ. ಎರಡೂ ಬಣ್ಣ ಒಟ್ಟಿಗೆ ಹಾಕುವ ಯೋಜನೆ ಇದ್ದರೆ ಅಯೋಡಿನ್ ಅಲರ್ಜಿ ಇರುವವರು ಹೇಳಲೇಬೇಕು. ಸಿಗಡಿಯ ಅಲರ್ಜಿ ಹುಟ್ಟುವುದು ಅದರ ಪ್ರೋಟೀನಿನಿಂದ, ಅಯೋಡಿನ್‌ನಿಂದಲ್ಲ. ಆದರೂ ಯಾವುದೇ ಅಲರ್ಜಿಯನ್ನು ಮುಚ್ಚಿಡಬೇಡಿ. ಹಿಂದೆ ಫ್ಲೋರೆಸಿನ್‌ಗೇ ಮೈ ದದ್ದರಿಸಿದ್ದರೆ ಅದು ಅತಿ ಮುಖ್ಯ.

ಫ್ಲೋರೆಸಿನ್ ಹೆಚ್ಚಾಗಿ ಮೂತ್ರದಲ್ಲಿ ಹೊರಹೋಗುತ್ತದೆ. ಕಿಡ್ನಿ ದುರ್ಬಲವಿದ್ದರೆ ತಡವಾಗಿ ಹೋಗುತ್ತದೆ, ಅಷ್ಟೇ. ವೈದ್ಯರು ಪ್ರಮಾಣ ತಗ್ಗಿಸಬಹುದು. ಚರ್ಮ ಕೆಲವು ಗಂಟೆ ಹಳದಿ, ಮೂತ್ರ ಒಂದು ದಿನ ಗಾಢ ಹಳದಿ. ಕಾಮಾಲೆ ಎಂದು ಗಾಬರಿಯಾಗುವುದು ಬೇಡ. ಗರ್ಭಿಣಿಯರು, ಹಾಲೂಡಿಸುವವರು ಮುಂಚೆ ತಿಳಿಸಬೇಕು. ಬಣ್ಣ ಎದೆಹಾಲಿಗೂ ಬರುತ್ತದೆ.

ಗಂಭೀರ ಅಲರ್ಜಿ ವಿರಳ, ಆದರೆ ಇಲ್ಲವೇ ಇಲ್ಲ ಎನ್ನಲಾಗದು. ಆದ್ದರಿಂದ ಬಣ್ಣ ಹಾಕುವ ಕೋಣೆಯಲ್ಲಿ ಅಡ್ರಿನಲಿನ್, ಆಮ್ಲಜನಕ, ಅವನ್ನು ಬಳಸಬಲ್ಲ ಮನುಷ್ಯ ಮೂರೂ ಇರಬೇಕು. ದೊಡ್ಡವರಿಗೆ ಅಡ್ರಿನಲಿನ್ 0.5 ಮಿ.ಗ್ರಾಂ., ತೊಡೆಯ ಹೊರಬದಿಯ ಸ್ನಾಯುವಿಗೆ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅಡ್ರಿನಲಿನ್ ಸರಿಯಾಗಿ ಕೆಲಸ ಮಾಡದಿರಬಹುದು. ಮಾತ್ರೆಯ ಪಟ್ಟಿ ಕೇಳುವುದು ಅದಕ್ಕೇ. ಪರೀಕ್ಷೆ ಮುಗಿದ ಕೂಡಲೇ ಎದ್ದು ಹೋಗದೆ ಅರ್ಧ ಗಂಟೆ ಕುಳಿತಿರಿ.

ಯುವಿಯೈಟಿಸ್ ರೋಗಿಗಳು ಮರೆಯುವ ವಿಷಯ ಇನ್ನೊಂದಿದೆ. ಅದೇ ದಿನ ರಕ್ತಪರೀಕ್ಷೆಯೂ ಬರೆದಿದ್ದರೆ ಬಣ್ಣ ಹಾಕುವ ಮುಂಚೆಯೇ ರಕ್ತ, ಮೂತ್ರ ಕೊಟ್ಟುಬಿಡಿ. ಹೊಳೆಯುವ ಬಣ್ಣ ಕೆಲವು ಲ್ಯಾಬ್ ಪರೀಕ್ಷೆಗಳ ಅಂಕಿಗಳನ್ನು ಕೆಡಿಸುತ್ತದೆ.

ಪ್ರಶ್ನೆ: ಒಂಬತ್ತು ವರ್ಷದ ಮಗಳು ಸೂಜಿ ಕಂಡರೆ ಹಾರಿಬೀಳುತ್ತಾಳೆ. ಬಣ್ಣವನ್ನು ಕುಡಿಸಿಯೂ ಮಾಡುತ್ತಾರಂತೆ. ಅದು ಸಾಕೇ?

ಉತ್ತರ: ಸೋರಿಕೆ ನೋಡಲು ಸಾಕು, ಅಡಚಣೆ ನೋಡಲು ಸಾಲದು. ಕುಡಿದ ಬಣ್ಣ ಹೊಟ್ಟೆಯಿಂದ ನಿಧಾನವಾಗಿ ರಕ್ತ ಸೇರುವುದರಿಂದ ಮೊದಲ ಅರ್ಧ ನಿಮಿಷದ ತುಂಬುವಿಕೆ ಎಂಬುದೇ ಸಿಗುವುದಿಲ್ಲ; ಚಿತ್ರ ಮೂಡಲು 20 ನಿಮಿಷವೋ ಇನ್ನೂ ಹೆಚ್ಚೋ ಬೇಕು. ಔಷಧ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವ ಮರುಪರೀಕ್ಷೆಗೆ ಇದು ಒಳ್ಳೆಯ ದಾರಿ. ಅಡಚಣೆಯ ಅನುಮಾನ ಇದ್ದರೆ ಸೂಜಿಯೇ ಬೇಕು. ಮಕ್ಕಳಿಗೆ ತೂಕದ ಲೆಕ್ಕ, ಕಿಲೋಗೆ 7.7 ಮಿ.ಗ್ರಾಂ., 500 ಮಿ.ಗ್ರಾಂ. ಮೀರದಂತೆ. ಚುಚ್ಚುವ ಜಾಗಕ್ಕೆ ಮರಗಟ್ಟಿಸುವ ಮುಲಾಮು ಒಂದು ಗಂಟೆ ಮುಂಚೆ ಹಚ್ಚಿಸಿ. ಓಸಿಟಿ ಆಂಜಿಯೋಗ್ರಫಿಯನ್ನು ಮೊದಲು ಮಾಡಿಸಿ, ಆಟದಂತೆ ಯಂತ್ರಕ್ಕೆ ಗಲ್ಲ ಇಡುವುದು ಅಭ್ಯಾಸವಾಗುತ್ತದೆ.

ಪ್ರಶ್ನೆ: ನಾನು ಫಿಸಿಷಿಯನ್. ಕಣ್ಣಿನ ವಿಭಾಗದಿಂದ ‘ಆಕ್ಲೂಸಿವ್ ವ್ಯಾಸ್ಕುಲೈಟಿಸ್, ಕಾರಣ ಹುಡುಕಿ’ ಎಂದು ಒಂದು ಸಾಲು ಬರೆದು ಕಳಿಸುತ್ತಾರೆ. ಚಿತ್ರದಿಂದ ಕಾರಣದ ಸುಳಿವು ಸಿಗುವುದಿಲ್ಲವೇ?

ಉತ್ತರ: ಸಿಗುತ್ತದೆ, ಕೇಳಿ ಪಡೆಯಬೇಕು. ಮೊದಲು ಕೇಳಬೇಕಾದ್ದು: ಕಟ್ಟಿರುವುದು ಅಪಧಮನಿಯೋ ಅಭಿಧಮನಿಯೋ?

ಯುವಕರಲ್ಲಿ ಅಂಚಿನ ಅಭಿಧಮನಿಗಳು ಕಟ್ಟಿ, ಅಗಲವಾಗಿ ಲೋಮನಾಳ ನಷ್ಟವಾಗಿ, ವಿಟ್ರಿಯಸ್‌ಗೆ ಮತ್ತೆ ಮತ್ತೆ ರಕ್ತ ಸೋರುತ್ತಿದ್ದರೆ ಕ್ಷಯದ ಜೊತೆಗಿನ ವ್ಯಾಸ್ಕುಲೈಟಿಸ್ ಮತ್ತು ಈಲ್ಸ್ ಕಾಯಿಲೆ ನೆನಪಾಗಬೇಕು. ಹೆನ್ರಿ ಈಲ್ಸ್ 1880ರಷ್ಟು ಹಿಂದೆಯೇ ಈ ಚಿತ್ರವನ್ನು ವಿವರಿಸಿದ್ದರು. ಅಭಿಧಮನಿಯ ಪಕ್ಕದಲ್ಲಿ ಕಪ್ಪು ಬಣ್ಣ ಕಟ್ಟಿದ ಹಳೆಯ ಕೊರಾಯ್ಡ್ ಕಲೆಗಳಿದ್ದರೆ ಕ್ಷಯದ ಕಡೆ ತಕ್ಕಡಿ ವಾಲುತ್ತದೆ. ಸಾರ್ಕಾಯ್ಡ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಕೂಡ ಅಭಿಧಮನಿಯನ್ನೇ ಹಿಡಿಯುತ್ತವೆ, ಆದರೆ ಅಲ್ಲಿ ಸೋರಿಕೆಯದೇ ಮೇಲುಗೈ.

ಅಪಧಮನಿ ಕಟ್ಟಿದ್ದು, ಜೊತೆಗೆ ಅಂಚಿನ ರೆಟಿನಾ ಬಿಳಿಚಿ ಸಾಯುತ್ತಿದ್ದರೆ ಹರ್ಪಿಸ್ ಗುಂಪಿನ ವೈರಸ್‌ನಿಂದ ಬರುವ ಅಕ್ಯೂಟ್ ರೆಟಿನಲ್ ನೆಕ್ರೋಸಿಸ್. ಇದು ಅದೇ ದಿನ ವೈರಸ್ ಔಷಧ ಶುರು ಮಾಡಬೇಕಾದ ತುರ್ತು. ರೆಟಿನಾ ಸಾಯುತ್ತಿಲ್ಲ, ಹತ್ತಿಯಂಥ ಬಿಳಿ ಮಚ್ಚೆಗಳು ತುಂಬಿವೆ ಎಂದರೆ ಲೂಪಸ್ ಅಥವಾ ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ನೆನಪಾಗಬೇಕು. ಕವಲೊಡೆಯದ ಜಾಗದಲ್ಲೂ ಅಪಧಮನಿಯ ಗೋಡೆ ತುಂಡುತುಂಡಾಗಿ ಹೊಳೆಯುತ್ತಿದ್ದರೆ ಕಿವಿ ಕೇಳಿಸುತ್ತದೆಯೇ, ನಡತೆ ಬದಲಾಗಿದೆಯೇ ವಿಚಾರಿಸಿ: ಸುಸಾಕ್ ಸಿಂಡ್ರೋಮ್, 1979ರಲ್ಲಿ ವರದಿಯಾದದ್ದು. ಮೆದುಳಿನ ಎಂ.ಆರ್.ಐ.ನಲ್ಲಿ ಅದರ ಎರಡು ಅರ್ಧಗಳನ್ನು ಜೋಡಿಸುವ ಕಾರ್ಪಸ್ ಕ್ಯಾಲೋಸಮ್ ನೋಡಿಸಿ. ಬೆಹ್ಚೆಟ್ ಕಾಯಿಲೆ ಎರಡೂ ಬಗೆಯ ನಾಳಗಳನ್ನು ಹಿಡಿಯುತ್ತದೆ. ಲೋಮನಾಳದ ಸೋರಿಕೆ ಜರೀಗಿಡದ ಎಲೆಯಂತೆ ಹರಡಿರುತ್ತದೆ. ಬಾಯಿಹುಣ್ಣು, ಜನನಾಂಗದ ಹುಣ್ಣು ಕೇಳದೆ ಬಿಡಬೇಡಿ.

ಸಿಫಿಲಿಸ್ ಯಾರ ವೇಷವನ್ನಾದರೂ ಹಾಕುತ್ತದೆ. ಅದರ ರಕ್ತಪರೀಕ್ಷೆ ಎಲ್ಲರಿಗೂ. ಕ್ಷಯದ ಪರೀಕ್ಷೆ ಮತ್ತು ಎದೆಯ ಚಿತ್ರವೂ ಎಲ್ಲರಿಗೂ, ಏಕೆಂದರೆ ನೀವು ಕೊಡಲಿರುವುದು ಸ್ಟಿರಾಯ್ಡ್, ಆಮೇಲೆ ಪ್ರಾಯಶಃ ಅಡಾಲಿಮುಮ್ಯಾಬ್‌ನಂಥ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ. ಅಡಗಿ ಕುಳಿತ ಸೋಂಕನ್ನು ಅವು ಎಬ್ಬಿಸುತ್ತವೆ. ಇಪ್ಪತ್ತು ಪರೀಕ್ಷೆಗಳ ಸಿದ್ಧಪಟ್ಟಿ ಬರೆಯುವುದಕ್ಕಿಂತ ಚಿತ್ರ ತೋರಿಸಿದ ದಾರಿಯಲ್ಲಿ ಆರು ಪರೀಕ್ಷೆ ಬರೆಯುವುದು ಮೇಲು.

ಪ್ರಶ್ನೆ: ಅತ್ತೆಯವರಿಗೆ ಪೊರೆ ಆಪರೇಷನ್ ಚೆನ್ನಾಗಿ ಆಗಿತ್ತು. ಹತ್ತು ದಿನದ ಮೇಲೆ ನೋವಿಲ್ಲದೆ ದೃಷ್ಟಿ ಹೋಗಿ, ನಾಳಗಳು ಕಟ್ಟಿವೆ ಎಂದರು. ಇದಕ್ಕೂ ಆಪರೇಷನ್‌ಗೂ ಸಂಬಂಧ ಇದೆಯೇ?

ಉತ್ತರ: ಆಪರೇಷನ್ ಕೊನೆಯಲ್ಲಿ ಕಣ್ಣಿನೊಳಗೆ ವ್ಯಾಂಕೋಮೈಸಿನ್ ಎಂಬ ಆ್ಯಂಟಿಬಯೋಟಿಕ್ ಹಾಕಿದ್ದರೆ ಅದಕ್ಕೆ ಹೀಗೆ ತಡವಾಗಿ, ನೋವಿಲ್ಲದೆ ನಾಳಗಳು ಕಟ್ಟಿ ರಕ್ತ ಸೋರುವ ತೊಂದರೆ ದಾಖಲಾಗಿದೆ. ವಿರಳ, ಆದರೆ ಭೀಕರ. ಯಾವ ಔಷಧ ಹಾಕಿದ್ದರು ಎಂದು ಆಪರೇಷನ್ ಟಿಪ್ಪಣಿಯಿಂದ ಬರೆಸಿಕೊಳ್ಳಿ. ಇನ್ನೊಂದು ಕಣ್ಣಿನ ಆಪರೇಷನ್‌ಗೆ ಅದನ್ನು ಬಳಸಕೂಡದು. ಮ್ಯಾಕ್ಯುಲಾಕ್ಕೆ ಕೊಡುವ ಬ್ರೊಲುಸಿಜುಮ್ಯಾಬ್ ಚುಚ್ಚುಮದ್ದಿನಿಂದಲೂ ಅಡಚಣೆಯ ವ್ಯಾಸ್ಕುಲೈಟಿಸ್ ಬಂದದ್ದು 2020ರಿಂದ ವರದಿಯಾಗಿದೆ. ಎರಡೂ ಸಂದರ್ಭದಲ್ಲಿ ಅತಿ ವಿಸ್ತಾರದ ಬಣ್ಣದ ಆಂಜಿಯೋ ಬೇಗ ಆಗಬೇಕು.

ಪ್ರಶ್ನೆ: ನಾಳ ಕಟ್ಟಿದೆ ಎಂದ ಮೇಲೆ ಲೇಸರ್ ಏಕೆ ತಕ್ಷಣ ಮಾಡುವುದಿಲ್ಲ? ಎರಡನೆಯ ಅಭಿಪ್ರಾಯ ಕೇಳಬೇಕೆಂದಿದ್ದೇನೆ, ಏನನ್ನು ಒಯ್ಯಲಿ?

ಉತ್ತರ: ಉರಿಯುತ್ತಿರುವ ಕಣ್ಣಿಗೆ ಲೇಸರ್ ಹೊಡೆದರೆ ಉರಿಯೂತ, ಊತ ಎರಡೂ ಹೆಚ್ಚಬಹುದು. ಮೊದಲು ಔಷಧದಿಂದ ತಣ್ಣಗಾಗಿಸಿ, ಹೊಸ ನಾಳಗಳು ಹುಟ್ಟಿದ್ದರೆ ರಕ್ತ ಹೋಗದ ಭಾಗಕ್ಕೆ ಮಾತ್ರ ಲೇಸರ್ ಚುಕ್ಕೆಗಳನ್ನು ಇಡುವುದು ಬಹುಪಾಲು ತಜ್ಞರ ಕ್ರಮ. ನಾಳ ಕಟ್ಟಿದೆ, ಹೊಸ ನಾಳ ಹುಟ್ಟಿಲ್ಲ ಎಂಬ ಸ್ಥಿತಿಯಲ್ಲಿ ಅಭಿಪ್ರಾಯ ಭೇದ ಇದೆ. ಪ್ರದೇಶ ಚಿಕ್ಕದಾಗಿದ್ದು ರೋಗಿ ತಪ್ಪದೆ ಬರುವವರಾದರೆ ಕಾದು ನೋಡುವುದೇ ನಮ್ಮ ಒಲವು. ಪ್ರದೇಶ ವಿಶಾಲವಾಗಿದ್ದು ಬರುವುದು ಅನುಮಾನವಾದರೆ ಬೇಗ ಲೇಸರ್. ಮರುಪರೀಕ್ಷೆಯನ್ನು ಔಷಧ ಹಿಡಿತಕ್ಕೆ ಬರುವಷ್ಟು ಕಾಲ, ಸಾಮಾನ್ಯವಾಗಿ ಎರಡು ಮೂರು ತಿಂಗಳು, ಬಿಟ್ಟು ಅದೇ ಯಂತ್ರದಲ್ಲಿ ಮಾಡಿಸಿ. ಬೇರೆ ಯಂತ್ರದಲ್ಲಿ ತೆಗೆದ ಚಿತ್ರದಿಂದ ಮಚ್ಚೆ ಬೆಳೆಯಿತೋ ಕುಗ್ಗಿತೋ ಹೇಳುವುದು ಕಷ್ಟ.

ಎರಡನೆಯ ಅಭಿಪ್ರಾಯಕ್ಕೆ ಮುದ್ರಿಸಿದ ಹಾಳೆ ಸಾಲದು. ಅದರಲ್ಲಿ ಯಾರೋ ಆರಿಸಿದ ನಾಲ್ಕು ಚಿತ್ರ ಇರುತ್ತವೆ, ಬಹಳ ಸಲ ನಾಲ್ಕೂ ಕೊನೆಯ ನಿಮಿಷಗಳವು. ಬಣ್ಣದ ಆಂಜಿಯೋದ ಎಲ್ಲ ಚಿತ್ರಗಳನ್ನೂ ಸೆಕೆಂಡಿನ ಗುರುತು ಸಮೇತ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ಅದೇ ದಿನದ ಸಾಮಾನ್ಯ ಕಲರ್ ಫೋಟೋ ಇರಲಿ. ಓಸಿಟಿ ಆಂಜಿಯೋಗ್ರಫಿ ಆಗಿದ್ದರೆ ಸಿಗ್ನಲ್ ಅಂಕಿ ಕಾಣುವಂತೆ, ಪದರದ ಗೆರೆಗಳಿರುವ ಅಡ್ಡಸೀಳಿನ ಚಿತ್ರವೂ ಬೇಕು ಎಂದು ಕೇಳಿ. ಸ್ಟಿರಾಯ್ಡ್ ಯಾವ ದಿನ ಶುರುವಾಯಿತು, ಎಷ್ಟು ಮಿ.ಗ್ರಾಂ., ಯಾವಾಗ ಇಳಿಸಿದರು ಎಂಬುದನ್ನು ಒಂದು ಚೀಟಿಯಲ್ಲಿ ತಾರೀಖು ಹಾಕಿ ಬರೆದು ಜೊತೆಗಿಡಿ; ಚಿತ್ರದ ತಾರೀಖಿನ ಪಕ್ಕ ಅದನ್ನಿಟ್ಟೇ ನೋಡುವವರು ಓದಲು ಶುರು ಮಾಡುತ್ತಾರೆ.